ಆ ಪುಡಿ ಪೊಟ್ಟಣವನ್ನೂ ಡಾಕ್ಟರಿಗೆ ತೋರಿಸಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಮೆಡಿಕಲ್ ಇದೆ. ಶುರು ಮಾಡಿ 22 ವರ್ಷವಾಯಿತು. ಎಡಗಡೆ ಕಪಾಟಿನಲ್ಲಿ ಇಂಗ್ಲಿಷ್ ಗುಳಿಗೆ, ಬಲಗಡೆ ಚೂರ್ಣ, ಕಷಾಯ, ಜೋಶಾಂದಾ (ಯುನಾನಿ ಕಷಾಯ). ದಿನಾ ಐದಾರು ಮಂದಿಯಾದರೂ ಎರಡೂ ಕಡೆಯಿಂದ ತಗೊಳ್ಳುತ್ತಾರೆ. ಮೊದಲು ಚೀಟಿ ಕೊಟ್ಟು ಬಿಪಿ ಗುಳಿಗೆ ಕೇಳುತ್ತಾರೆ. ಆಮೇಲೆ ದನಿ ಇಳಿಸಿ, "ಅಣ್ಣಾ, ಆ ಚೂರ್ಣದ ಡಬ್ಬಿನೂ ಒಂದು ಕೊಡ್ರಿ. ಡಾಕ್ಟರಿಗೆ ಹೇಳಿಲ್ಲ" ಅನ್ನುತ್ತಾರೆ.

ಆ ದನಿ ಯಾಕೆ ಇಳಿಯಬೇಕು? ಅದೇ ನನ್ನ ಚಿಂತೆ.

ಎರಡು ಔಷಧಿ ಒಟ್ಟಿಗೆ ತಗೊಳ್ಳುವುದು ನಮ್ಮ ಕಡೆ ಹೊಸದಲ್ಲ. 1948ರವರೆಗೆ ನಾವು ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದವರು. ಹಕೀಮರ ಯುನಾನಿ ಇಲ್ಲಿ ಎಲ್ಲ ಜಾತಿಯವರ ಮನೆಗೂ ಬಂದಿತ್ತು. ಇವತ್ತೂ ಒಂದೇ ಮನೆಯಲ್ಲಿ ಅಜ್ಜಿಗೆ ಮಾಜೂನ್ (ಯುನಾನಿ ಲೇಹ್ಯ), ಮಗನಿಗೆ ಶುಗರ್ ಗುಳಿಗೆ, ಸೊಸೆಯ ಬೆನ್ನುನೋವಿಗೆ ಎಣ್ಣೆ ಮಾಲೀಶು. ಬೆರೆಸುವುದು ನಡೆದೇ ಇದೆ. ಯಾರಿಗೂ ತಿಳಿಸದೆ ನಡೆದಿದೆ, ತೊಂದರೆ ಇರುವುದು ಅಲ್ಲಿ.

ಸೇಡಂ ಕಡೆಯ ಒಬ್ಬ ಕಾಕಾ ಇದ್ದಾರೆ. ತೊಗರಿ ಹೊಲ, ಮೊಣಕಾಲು ನೋವು, ಶುಗರ್. ಜಾತ್ರೆಯಲ್ಲಿ ಯಾರೋ ಕಂದು ಬಣ್ಣದ ಪುಡಿ ಕೊಟ್ಟರಂತೆ. ಹೆಸರಿಲ್ಲ, ಚೀಟಿಯಿಲ್ಲ, ಸುಮ್ನೆ ಪೇಪರಿನಲ್ಲಿ ಕಟ್ಟಿದ್ದು. ಮೂರೇ ದಿನದಲ್ಲಿ ನೋವು ಮಾಯ. ಕಾಕಾ ಖುಷಿಯಿಂದ ನಡೆದುಕೊಂಡೇ ನನ್ನ ಅಂಗಡಿಗೆ ಬಂದಿದ್ದರು. ಐದು ತಿಂಗಳಾಗುವಷ್ಟರಲ್ಲಿ ಮುಖ ಉಬ್ಬಿತು, ತೊಡೆ ಸಣ್ಣಗಾಯಿತು, ಶುಗರ್ 400 ದಾಟಿತು. ಡಾಕ್ಟರು ಗುಳಿಗೆ ಹೆಚ್ಚಿಸುತ್ತಲೇ ಹೋದರು. ಅವರಿಗೆ ಪುಡಿಯ ವಿಷಯ ಗೊತ್ತಿಲ್ಲ. ಕಾಕಾ ಹೇಳಲಿಲ್ಲ, ಯಾಕಂದ್ರೆ ಹಿಂದೊಮ್ಮೆ ಕಷಾಯದ ಮಾತೆತ್ತಿದಾಗ ಎಲ್ಲರೆದುರು ಬೈಸಿಕೊಂಡಿದ್ದರು.

ಕೊನೆಗೆ ಬೇರೊಬ್ಬ ಡಾಕ್ಟರು ಮುಖ ನೋಡಿದ ಕೂಡಲೇ ಕೇಳಿದರಂತೆ: "ಕಾಕಾ, ಮನ್ಯಾಗ ಮತ್ತೇನೇನು ತಗೊಳ್ತೀರಿ, ಹೇಳ್ರಿ. ನಾ ಬೈಯಂಗಿಲ್ಲ." ಆಗ ಪೊಟ್ಟಣ ಹೊರಗೆ ಬಂತು. ಬೆಳಗಿನ ಕಾರ್ಟಿಸಾಲ್, ಅಂದ್ರೆ ದೇಹವೇ ತಯಾರಿಸುವ ಸ್ಟೀರಾಯ್ಡ್, ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದರು, ತೀರಾ ಕಡಿಮೆ ಇತ್ತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಅಂತ ಅವರು ಅಂದಾಜು ಮಾಡಿದರು. ಇಲ್ಲೊಂದು ಮಾತು ದಯವಿಟ್ಟು ನೆನಪಿಡಿ. ಇಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದವರು ಹೆದರಿ ಒಮ್ಮೆಲೇ ಬಿಡಬಾರದು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ತಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಕಾಕಾಗೆ ಅಳತೆ ಮಾಡಿ ಸ್ಟೀರಾಯ್ಡ್ ಗುಳಿಗೆಯನ್ನೇ ಕೊಟ್ಟು, ನಿಧಾನವಾಗಿ ಇಳಿಸಿದರು.

ಇದು ಕಲಬೆರಕೆಯ ಕಥೆ ಆಯ್ತು. ಆದರೆ ಅಪ್ಪಟ ಗಿಡಮೂಲಿಕೆಯೂ ಔಷಧಿಯೇ ಅಲ್ವಾ? ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆ ಅಂತ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದರು. ಆಗ ಪರದೇಶದ ಡಾಕ್ಟರುಗಳೂ ನಮ್ಮ ಬೇರಿನ ಕಡೆ ತಿರುಗಿದರು. 1952ರಲ್ಲಿ ಅದರಿಂದ ರಿಸರ್ಪೀನ್ ಅನ್ನುವ ಸತ್ವ ಬೇರ್ಪಡಿಸಿದರು. ಅದನ್ನು ತಗೊಂಡ ಕೆಲವರಲ್ಲಿ ಮನಸ್ಸು ಕುಗ್ಗುವ ದೂರೂ ಬಂತು. ಕೆಲಸ ಮಾಡುವ ಬೇರಿಗೆ ಅಡ್ಡಪರಿಣಾಮವೂ ಇದ್ದೇ ಇರುತ್ತದೆ. "ಸೈಡ್ ಎಫೆಕ್ಟೇ ಇಲ್ಲ" ಅನ್ನುವವರ ಮಾತು ನನಗೆ ಭಯ ಹುಟ್ಟಿಸುತ್ತದೆ.

ಕೆಮ್ಮಿಗೆ ಅಂತ ಜೇಷ್ಠಮಧು ದಿನಾ ಜಗಿದರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ತಗೊಳ್ಳುವವರು ಹಾಗಲಕಾಯಿ ರಸವನ್ನೂ ಕುಡಿದರೆ ಶುಗರ್ ಅತಿಯಾಗಿ ಇಳಿದು ಕಣ್ಣು ಕತ್ತಲಿಟ್ಟೀತು. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಅರಿಶಿನದ ಕ್ಯಾಪ್ಸೂಲ್ ನುಂಗಿದರೆ ರಕ್ತಸ್ರಾವದ ಭಯ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು, ಹೆದರಬೇಡಿ. ಆಪರೇಷನ್ ಇದ್ದರಂತೂ ಮೊದಲೇ ಎಲ್ಲ ಹೇಳಬೇಕು.

ಹಾಗಂತ ನಾನು ಬಲಗಡೆ ಕಪಾಟಿನ ವಿರೋಧಿಯಲ್ಲ. ಮಲಬದ್ಧತೆಗೆ ಇಸಬ್‌ಗೋಲ್ ಬರೆಯದ ಡಾಕ್ಟರನ್ನೂ ಕಂಡಿಲ್ಲ, ಹಕೀಮರನ್ನೂ ಕಂಡಿಲ್ಲ. (ಅದನ್ನು ಬೇರೆ ಗುಳಿಗೆಗಳ ಜೊತೆಗೇ ತಗೋಬೇಡಿ, ಒಂದೆರಡು ಗಂಟೆ ಅಂತರ ಇರಲಿ.) ತುಂಬಾ ದಿನದ ಸೊಂಟನೋವಿಗೆ ಗುಳಿಗೆಗಿಂತ ಮೊದಲು ವ್ಯಾಯಾಮ, ಯೋಗದಂಥವನ್ನು ನೋಡಿ ಅಂತ ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸೇ 2017ರಲ್ಲಿ ಹೇಳಿದೆ. ನನ್ನ ಹೆಂಡತಿಯ ಸೊಂಟಕ್ಕೆ ಯೋಗವೇ ಆಗಿಬಂತು.

ನನಗೆ ಸಿಟ್ಟು ಬರುವುದು ಇಬ್ಬರ ಮೇಲೆ. "ಇನ್ಸುಲಿನ್ ಬಿಡ್ರಿ, ನಮ್ದು ತಗೋರಿ" ಅನ್ನುವವರು ಒಬ್ಬರು. ಶುಗರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಆದರೂ ನಮ್ಮ ಗೋಡೆಗಳ ಮೇಲೆ ಅದೇ ಬರಹ. ಇನ್ನೊಬ್ಬರು ರೋಗಿಯನ್ನು ಬೈದು ಬಾಯಿ ಮುಚ್ಚಿಸುವ ಡಾಕ್ಟರು. ಅವರ ಹತ್ತಿರ ಹೊತ್ತಿಲ್ಲ, ಹೊರಗೆ ನೂರು ಮಂದಿ ಕಾಯುತ್ತಿರುತ್ತಾರೆ, ಗೊತ್ತು. ಆದರೂ "ಮತ್ತೇನೇನು ತಗೊಳ್ತೀರಿ" ಅನ್ನುವ ಆ ಒಂದು ಪ್ರಶ್ನೆ ಕೇಳೋಕೆ ಅರ್ಧ ನಿಮಿಷ ಸಾಕು.

ಕಾಕಾನ ಘಟನೆಯಾದ ಮೇಲೆ ನಾನೊಂದು ಕೆಲಸ ಶುರು ಮಾಡಿದೆ. ಯಾರು ಎರಡೂ ಕಡೆಯಿಂದ ತಗೊಂಡರೂ, ಚೂರ್ಣದ ಹೆಸರು, ಎಷ್ಟು, ಯಾವಾಗ ಅಂತ ಸಣ್ಣ ಚೀಟಿಯಲ್ಲಿ ಬರೆದು ಡಾಕ್ಟರ ಚೀಟಿಗೆ ಪಿನ್ ಮಾಡುತ್ತೇನೆ. ಹೋದ ತಿಂಗಳು ಒಬ್ಬ ಡಾಕ್ಟರು ಅಂಗಡಿಗೇ ಫೋನ್ ಮಾಡಿದರು. "ಈ ಚೀಟಿ ಬರೆದವರು ಯಾರ್ರೀ?" ಅಂದರು. ಎದೆ ಡವಡವ ಅಂದಿತು. "ನಾನೇ ಸರ್" ಅಂದೆ.

"ಅಕ್ಷರ ಒಂಚೂರು ದೊಡ್ಡದಾಗಿ ಬರೀರಿ" ಅಂದರು.