ಸ್ಪಷ್ಟನೆ: ಗ್ರೈಂಡರ್ ಬಿಸ್ಕೆಟ್ ಜಾಯಿನರ್ ಆಗುವುದಿಲ್ಲ

"ಗ್ರೈಂಡರ್‌ಗೆ 4 ಇಂಚಿನ ಮರದ ಬ್ಲೇಡ್ ಹಾಕಿದರೆ ಸಾಕು, ಬಿಸ್ಕೆಟ್ ಜಾಯಿನರ್ ಬೇಡ, ಯಾವ ಗಮ್ ಆದರೂ ನಡೆಯುತ್ತೆ" ಎಂಬ ಮೆಸೇಜ್ ದಾವಣಗೆರೆಯ ಬಡಗಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇಲ್ಲಿ ಗ್ರೈಂಡರ್ ಅಂದರೆ ಕೈಯಲ್ಲಿ ಹಿಡಿದು ಕಬ್ಬಿಣ, ಕಲ್ಲು ಕತ್ತರಿಸುವ ಆಂಗಲ್ ಗ್ರೈಂಡರ್. ಬಿಸ್ಕೆಟ್ ಜಾಯಿನರ್ ಅಂದರೆ ಜೋಡಿಸಬೇಕಾದ ಎರಡು ಮರದ ತುಂಡುಗಳಲ್ಲಿ ಸೀಳು ಕೊರೆಯುವ ಮಿಷನ್; ಆ ಸೀಳಿಗೆ ಗಮ್ ಹಾಕಿ ಬಿಸ್ಕೆಟ್ ಎಂಬ ತೆಳು ಮರದ ಬಿಲ್ಲೆ ಕೂರಿಸುತ್ತಾರೆ. ಮೆಸೇಜಿನ ಎರಡೂ ಮಾತು ತಪ್ಪು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಬ್ಲೇಡ್ ಸೈಜು, ವೇಗ ಎರಡರಲ್ಲೂ ಹೆಚ್ಚೇನೂ ವ್ಯತ್ಯಾಸವಿಲ್ಲ, ನಿಜ. ಆದರೆ ಜಾಯಿನರ್‌ನಲ್ಲಿ ಬ್ಲೇಡ್ ಸ್ಪ್ರಿಂಗ್ ಬೇಸ್‌ನೊಳಗೆ ಮುಚ್ಚಿರುತ್ತದೆ. ಒತ್ತಿದಾಗ ಮಾತ್ರ ಹೊರಬರುತ್ತದೆ, ಸ್ಟಾಪ್ ಇಟ್ಟಷ್ಟೇ ಆಳಕ್ಕೆ ಇಳಿಯುತ್ತದೆ. ಗ್ರೈಂಡರ್‌ಗೆ ಮರಕ್ಕೆ ಒತ್ತಿ ಮಿಷನ್ ಅಲುಗದಂತೆ ಹಿಡಿಯುವ ಫೆನ್ಸೂ ಇಲ್ಲ, ಸ್ಟಾಪೂ ಇಲ್ಲ. ಹಲ್ಲು ಮರಕ್ಕೆ ಕಚ್ಚಿತೆಂದರೆ ಮಿಷನ್ ಕೈಗೇ ಎಗರುತ್ತದೆ.

ಇನ್ನು ಗಮ್. ಬಿಸ್ಕೆಟ್ ಅಂದರೆ ಒತ್ತಿ ತೆಳುವಾಗಿಸಿದ ಬೀಚ್ ಮರ. ನೀರಿನಂಶವಿರುವ ಬಿಳಿ ಗಮ್ ಹೀರಿ ಉಬ್ಬಿದಾಗಲೇ ಅದು ಸೀಳಿನಲ್ಲಿ ಬಿಗಿಯಾಗುವುದು. ರಬ್ಬರ್ ಗಮ್‌ನಲ್ಲಿ ಉಬ್ಬುವುದಿಲ್ಲ, ಜಾಯಿಂಟ್ ಸಡಿಲವಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಬಿಸ್ಕೆಟ್ ಮೊದಲೇ ಉಬ್ಬಿ 4 ಮಿ.ಮೀ. ಸೀಳಿಗೆ ಹೋಗುವುದೇ ಇಲ್ಲ, ಗಾಳಿಯಾಡದ ಡಬ್ಬಿಯಲ್ಲಿಡಿ.

18 ಮಿ.ಮೀ. ಪ್ಲೈಗೆ 20ನೇ ನಂಬರ್ ಸೈಜಿನ ಬಿಸ್ಕೆಟ್ ಸರಿ: ಒಂದೊಂದು ಕಡೆ ಸುಮಾರು 12 ಮಿ.ಮೀ. ಆಳ, ಸೀಳು ಎಲ್ಲಿ ಬರಬೇಕೆಂಬುದಕ್ಕೆ ಎರಡೂ ತುಂಡಿನಲ್ಲಿ ಮೇಲ್ಮುಖದಿಂದಲೇ ಅಳತೆ. ಪೀಸನ್ನು ಕ್ಲ್ಯಾಂಪ್ ಮಾಡಿ, ಮೋಟರ್ ಪೂರ್ತಿ ವೇಗಕ್ಕೆ ಬಂದ ಮೇಲೆ ಒತ್ತಿ; ಬ್ಲೇಡ್ ಒಳಗೆ ಸರಿದ ನಂತರವೇ ಸ್ವಿಚ್ ಆಫ್ ಮಾಡಿ.