ಅವ್ವನ ಕಾಲು, ಕಾರಿನ ಕ್ಲಚ್

ಕಲಬುರಗಿಯ ಬಿಸಿಲಿನಲ್ಲಿ ಮೇಲ್ಛಾವಣಿ ಮಡಚುವ ಕಾರು ಕೊಳ್ಳಬೇಡ ಎಂದು ಬುದ್ಧಿ ಹೇಳಿದವರು ಬೇಕಾದಷ್ಟು ಜನ. ನಾನು ಕೇಳಲಿಲ್ಲ. ಎರಡೇ ಸೀಟಿನ, ನೆಲಕ್ಕೆ ಮೂಗು ಉಜ್ಜುವಂಥ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಹೈದರಾಬಾದಿನಿಂದ ತಂದೆ. ಹಳ್ಳಿಯಿಂದ ಬಂದ ಕಾಕಾ ಅದಕ್ಕೊಂದು ಪ್ರದಕ್ಷಿಣೆ ಹಾಕಿ, "ತೊಗರಿ ಚೀಲ ಎಲ್ಲಿ ಇಡುತ್ತೀ?" ಎಂದರು. ಅವರಿಗೆ ಉತ್ತರ ಇನ್ನೂ ಕೊಟ್ಟಿಲ್ಲ. ಏಪ್ರಿಲ್‌ನ 42 ಡಿಗ್ರಿಯಲ್ಲಿ ಛಾವಣಿ ಮಡಚಿ ಹೋದದ್ದು ಒಂದೇ ದಿನ. ಮರಳಿ ಬರುವಾಗ ಸ್ಟೇರಿಂಗ್ ಹಿಡಿಯಲು ಅವ್ವ ಹಂಚು ಇಳಿಸುವ ಬಟ್ಟೆ ಇದ್ದಿದ್ದರೆ ಎನಿಸಿತು.

ಕಾರು ಮೊದಲು ಮುನಿಸಿಕೊಂಡದ್ದು ರಿವರ್ಸ್ ಗೇರಿನಲ್ಲಿ. ಹಾಕಿದಾಗಲೆಲ್ಲ ಕರಕರ ಹಲ್ಲು ಕಡಿಯುತ್ತಿತ್ತು. ಆಮೇಲೆ ಬೆಳಗಿನ ಹೊತ್ತು ಕ್ಲಚ್ ಪೆಡಲನ್ನು ಎರಡು ಮೂರು ಸಲ ತುಳಿದ ಮೇಲೆಯೇ ಗೇರು ಬೀಳತೊಡಗಿತು. ವಯಸ್ಸಾದವರು ಎದ್ದ ಕೂಡಲೇ ಮಾತನಾಡುತ್ತಾರೆಯೇ, ಎಂದು ನಾನೂ ಅದರ ಅಭ್ಯಾಸಕ್ಕೆ ಹೊಂದಿಕೊಂಡೆ. ರೋಗ ತನ್ನ ಹೆಸರನ್ನು ತಾನೇ ಹೇಳುತ್ತಿತ್ತು, ನನಗೆ ಕೇಳಿಸಲಿಲ್ಲ.

ಒಂದು ಶನಿವಾರ ಸಂಜೆ ಸೂಪರ್ ಮಾರ್ಕೆಟ್ ಎಂಬ ಪೇಟೆಯ ನಡುಮಧ್ಯೆ ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಬೆರಳು ಹಾಕಿ ಎತ್ತಿದೆ, ಬಂತು. ತುಳಿದೆ, ಮತ್ತೆ ಮಲಗಿತು. ಜನ ಸೇರಿದರು. "ಕ್ಲಚ್ ಪ್ಲೇಟ್ ಹೋಗಿದೆ ಸಾಹೇಬರೇ," ಎಂದ ಆಟೋದವನು, ಆಟೋದಿಂದ ಇಳಿಯದೆ. "ಕೇಬಲ್ ಕಿತ್ತಿದೆ," ಎಂದರು ಮಿರ್ಚಿ ಭಜಿ ಕರಿಯುತ್ತಿದ್ದವರು. ಈ ಕಾರಿಗೆ ಕ್ಲಚ್ ಕೇಬಲ್ಲೇ ಇಲ್ಲ, ಅದರ ಕ್ಲಚ್ ನಡೆಯುವುದು ಬ್ರೇಕ್ ಆಯಿಲಿನ ಒತ್ತಡದಿಂದ. ತಳ್ಳಲು ಬಂದ ನಾಲ್ವರು, ಕಾರು ಅಷ್ಟು ಗಿಡ್ಡವಾದ್ದರಿಂದ, ಸೊಂಟ ಬಗ್ಗಿಸಿ ಸಾಮೂಹಿಕ ನಮಸ್ಕಾರ ಮಾಡಿದಂತೆ ಕಂಡರು.

ಕ್ಲಚ್ ಇಲ್ಲದೆಯೂ ಮನೆ ಸೇರಬಹುದು. ಎಂಜಿನ್ ಆರಿಸಿ, ಒಂದನೆಯ ಗೇರಿಗೆ ಹಾಕಿ, ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟರೇ ಕಾರನ್ನು ಮುಂದೆ ನೂಕುತ್ತದೆ, ಎಂಜಿನ್ನೂ ಹೊತ್ತಿಕೊಳ್ಳುತ್ತದೆ. ಹೆಚ್ಚಾಗಿ ಹಳೆಯ ಕಾರುಗಳಲ್ಲೇ ಈ ಉಪಾಯ ನಡೆಯುತ್ತದೆ. ತೊಂದರೆ ಇರುವುದು ನಿಲ್ಲುವುದರಲ್ಲಿ. ಜಗತ್ ವೃತ್ತದಲ್ಲಿ ಕೆಂಪು ದೀಪ ಬಿತ್ತು. ಎಂಜಿನ್ ಆರಿಸಿದೆ. ಹಸಿರು ಬಂದಾಗ ಕೀಲಿ ತಿರುಗಿಸಿದರೆ ಕಾರು ಕಪ್ಪೆಯಂತೆ ಮೂರು ಸಲ ಕುಪ್ಪಳಿಸಿ ಹೊರಟಿತು. ಪಕ್ಕದ ಸ್ಕೂಟರಿನ ಮೇಲಿದ್ದ ಮಗು ಚಪ್ಪಾಳೆ ತಟ್ಟಿತು.

ರಾತ್ರಿ ಅಂಗಳದಲ್ಲಿ ಪರೀಕ್ಷೆ ಮಾಡಿದೆ. ಹ್ಯಾಂಡ್ ಬ್ರೇಕ್ ಎಳೆದು, ಪೆಡಲನ್ನು ಬಿಡದೆ ಪಂಪು ಹೊಡೆದು ಹೇಗೋ ನಾಲ್ಕನೆಯ ಗೇರಿಗೆ ಹಾಕಿ, ಕಾಲು ತೆಗೆದೆ. ಎಂಜಿನ್ ತಟ್ಟನೆ ಸತ್ತಿತು. ಪ್ಲೇಟ್ ಸವೆದಿದ್ದರೆ ಅದು ಜಾರುತ್ತ, ಎಂಜಿನ್ ಗುರುಗುಡುತ್ತಲೇ ಇರಬೇಕಿತ್ತು, ಸುಟ್ಟ ವಾಸನೆಯೂ ಬರಬೇಕಿತ್ತು. ಅಂದರೆ ಇದು ಕ್ಲಚ್ ಹಿಡಿಯದ ರೋಗವಲ್ಲ, ಬಿಡದ ರೋಗ. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಸಾಲ ಯಾರ ಹತ್ತಿರ ಕೇಳಬೇಕೆಂದು ಪಟ್ಟಿ ಮಾಡಿಕೊಂಡಿದ್ದೆ, ಹರಿದು ಹಾಕಿದೆ.

ಭಾನುವಾರ ಮೆಕ್ಯಾನಿಕ್ ಉಸ್ತಾದರು ಬಂದರು. ಮಾತು ಕಡಿಮೆ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ನೋಡಿದರು. ಒಳಗಿದ್ದದ್ದು ಗೆರೆಗಿಂತ ಕೆಳಗೆ, ಕಷಾಯದ ಬಣ್ಣದಲ್ಲಿ. ಆಮೇಲೆ ಕಾರಿನಡಿ ನುಸುಳಿ, ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿದರು. ಅದರ ಮಡಿಕೆಯಲ್ಲಿ ಕಪ್ಪಗೆ ಒಂದು ಹನಿ ತುಂಬಿಕೊಂಡು, ತುಸು ನಡುಗಿ, ಶಹಾಬಾದ್ ಫರಸಿಯ ಮೇಲೆ ಬಿತ್ತು. "ಇಲ್ಲಿದ್ದಾನೆ ಕಳ್ಳ," ಎಂದರು. ಪೆಡಲ್ ತುಳಿದಾಗ ಮೇಲಿನ ಮಾಸ್ಟರ್ ಸಿಲಿಂಡರಿನಿಂದ ನೂಕಿದ ಆಯಿಲ್ ಕೆಳಗಿನ ಇವನನ್ನು ತಳ್ಳಬೇಕು, ಇವನು ಕ್ಲಚ್ ಬಿಡಿಸುವ ಕವೆಯನ್ನು ತಳ್ಳಬೇಕು. ಉಂಗುರದಷ್ಟಿರುವ ರಬ್ಬರ್ ಸೀಲ್ ಸವೆದು ಆಯಿಲ್ ಹೊರಗೆ, ಗಾಳಿ ಒಳಗೆ. ಗಾಳಿ ಅದುಮಿಕೊಳ್ಳುತ್ತದೆಯೇ ಹೊರತು ಯಾರನ್ನೂ ತಳ್ಳುವುದಿಲ್ಲ. ಮತ್ತೆ ಮತ್ತೆ ತುಳಿದಾಗ ಇನ್ನಷ್ಟು ಆಯಿಲ್ ಬಂದು ಆ ಗಾಳಿಯನ್ನು ಅದುಮುತ್ತಿತ್ತು, ಮೂರು ಸಲ ತುಳಿದರೆ ಸರಿಹೋಗುತ್ತಿದ್ದದ್ದು ಅದಕ್ಕೇ.

ಸೀಲ್ ಬದಲಾಯಿತು. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಸುರಿಯುವ ಗೌರವ ನನಗೆ ಸಿಕ್ಕಿತು. ಎರಡು ಹನಿ ಮಡ್‌ಗಾರ್ಡಿನ ಮೇಲೆ ಚೆಲ್ಲಿದೆ. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ನಾನು ಒರೆಸಿದೆ, ಅದೂ ಊಟದ ನಂತರ. ಅಲ್ಲೀಗ ಹಪ್ಪಳದಂತೆ ಉಬ್ಬಿದ ಎರಡು ಗುಳ್ಳೆಗಳಿವೆ.

ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಪಾನಾದಿಂದ ನಿಪ್ಪಲ್, ಅಂದರೆ ಗಾಳಿ ಹೊರಬಿಡುವ ತಿರುಪು, ಸಡಿಲಿಸಿ ಬಿಗಿಯಬೇಕು. ಸಡಿಲಿದ್ದಾಗ ಕಾಲು ಎತ್ತಿದರೆ ಗಾಳಿ ಮರಳಿ ಒಳಗೆ. ಹೊರಬರುವ ಆಯಿಲಿಗೆ ನಾನು ಬಾಟಲಿ ಹಿಡಿದಿದ್ದೆ. ಸೀಟಿಗೆ ಸಿಕ್ಕವಳು ಅವ್ವ. ಬಾವಿಗೆ ಇಳಿದಂತೆ ಕಾರಿಗೆ ಇಳಿದಳು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. "ಅವ್ವಾ, ತುಳಿಯಿರಿ," ಎಂದರು ಉಸ್ತಾದರು. ತುಳಿದಳು, ತುಳಿಯುತ್ತಲೇ ಇದ್ದಳು. "ಹಿಡಿದುಕೊಳ್ಳಿ!" ಕಾಲಿಗೆ ಆ ಮಾತು ಗೊತ್ತಿಲ್ಲ. ಬಾಟಲಿಯಲ್ಲಿ ಗುಳ್ಳೆಗಳು ಸೋಡಾದಂತೆ ಏಳುತ್ತಿದ್ದವು. ಎರಡು ಸುತ್ತು ವ್ಯರ್ಥವಾದ ಮೇಲೆ ಉಸ್ತಾದರು ಕಾರಿನಡಿಯಿಂದಲೇ, "ಅವ್ವಾ, ಸೂಜಿ ಬಟ್ಟೆಯಲ್ಲಿ ಸಿಕ್ಕಿಕೊಂಡಿದೆ!" ಎಂದು ಕೂಗಿದರು.

ಕಾಲು ಗಕ್ಕನೆ ನಿಂತಿತು.

ಅಲ್ಲಿಂದ ಹತ್ತು ನಿಮಿಷದ ಕೆಲಸ. ಗುಳ್ಳೆ ನಿಂತವು, ಪೆಡಲ್ ಗಟ್ಟಿಯಾಯಿತು, ರಿವರ್ಸ್ ಗೇರು ಸದ್ದಿಲ್ಲದೆ ಬಿತ್ತು. ನಾನೂ ಉಸ್ತಾದರೂ ಆಚೀಚೆ ಕೈ ಹಿಡಿದು ಅವ್ವನನ್ನು ಮೇಲೆತ್ತಿದೆವು. ಅವಳು ಸೆರಗು ಸರಿಮಾಡಿಕೊಂಡು ಕಾರಿನ ಕಡೆ ಒಮ್ಮೆ ನೋಡಿ, "ಇಷ್ಟು ತುಳಿದಿದ್ದರೆ ಎರಡು ಜಂಪರು ಆಗುತ್ತಿದ್ದವು," ಎಂದು ಒಳಗೆ ಹೋದಳು.