ಎಂಜಿನಿಯರ್ ಸಾಹೇಬರ ಸತ್ಯವಾಕ್ಯ

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಗೆ ಮಳೆಗಾಲದಲ್ಲೊಮ್ಮೆ ಒಬ್ಬ ಎಂಜಿನಿಯರ್ ಸಾಹೇಬರು ಬಂದಿದ್ದರು. ಚರಂಡಿ ಉಕ್ಕಿ, ಮೂಲೆಮನೆಯವರ ಚಪ್ಪಲಿಗಳೆಲ್ಲ ಕೆಳಗಿನ ಅಡ್ಡರಸ್ತೆಯವರ ಬಾಗಿಲಿಗೆ ವಲಸೆ ಹೋಗಿದ್ದ ವಾರವದು. ಸಭೆಯಲ್ಲಿದ್ದ ನಲವತ್ತು ಜನರಿಗೂ ಕನ್ನಡ ಬರುತ್ತಿದ್ದುದರಿಂದ ಸಾಹೇಬರು ಇಂಗ್ಲಿಷಿನಲ್ಲಿ ಮಾತಾಡಿದರು. "ವಿ ಯೂಸ್ಡ್ ಟು ಕ್ಲೀನ್ ದಿಸ್ ಡ್ರೈನ್ ಎವ್ರಿ ಮಂತ್" ಎಂದರು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟ ನನ್ನ ಕಿವಿ ನೆಟ್ಟಗಾಯಿತು. 'ತಿಂಗಳಿಗೊಮ್ಮೆ ಸ್ವಚ್ಛ ಮಾಡಿಸುತ್ತೇವೆ' ಎನ್ನುವುದು ಅವರ ಉದ್ದೇಶ. ಬಾಯಿಂದ ಬಂದದ್ದು, 'ಒಂದು ಕಾಲಕ್ಕೆ ಮಾಡಿಸುತ್ತಿದ್ದೆವು, ಈಗ ಬಿಟ್ಟಿದ್ದೇವೆ' ಎಂದು. ಅಭ್ಯಾಸಬಲದಿಂದ ಕೆಂಪು ಪೆನ್ನಿಗಾಗಿ ಜೇಬಿಗೆ ಕೈ ಹಾಕಿದವನು ಅಲ್ಲೇ ತಡೆದೆ. ಆ ಚರಂಡಿಯನ್ನು ಇಣುಕಿ ನೋಡಿದವರು ಯಾರೂ ಆ ವಾಕ್ಯದ ಕೆಳಗೆ ಗೆರೆ ಎಳೆಯಲಾರರು.

ಇದು ಅವರೊಬ್ಬರ ತಪ್ಪಲ್ಲ. ಇಂದಿಗೂ ಮಾಡುತ್ತಿರುವುದನ್ನು 'ಯೂಸ್ಡ್ ಟು' ಎಂದು ಹೇಳುವುದು ಭಾರತೀಯ ಇಂಗ್ಲಿಷಿನ ಹಳೆಯ ಚಾಳಿ. "ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್" ಎಂದು ಹೆಮ್ಮೆಪಡುವ ಅಳಿಯಂದಿರು ಮನೆಗೊಬ್ಬರಿದ್ದಾರೆ. ಬೆಳಗಾತ ಐದಕ್ಕೆ ಏಳುವ ರೂಢಿ ತಪ್ಪಿಹೋಗಿದೆ ಎಂದು ತಾವೇ ಸಾರುತ್ತಿದ್ದೇವೆಂಬುದು ಅವರಿಗೆ ತಿಳಿಯದು. ಇಂಗ್ಲಿಷಿನ ಜಿಪುಣತನವೂ ಇದಕ್ಕೆ ಕಾರಣ. 'ಯೂಸ್ಡ್ ಟು' ಇದ್ದ ಮೇಲೆ ವರ್ತಮಾನಕ್ಕೆ 'ಯೂಸ್ ಟು' ಇರಲೇಬೇಕಲ್ಲವೇ ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ. ಇಲ್ಲ. ಬಿಟ್ಟುಹೋದ ರೂಢಿಗೆ ಮಾತ್ರ ಆ ಭಾಷೆ ಪ್ರತ್ಯೇಕ ಪೀಠ ಹಾಕಿಕೊಟ್ಟಿದೆ. ನಮ್ಮ ಕನ್ನಡ ಉದಾರಿ. 'ನೀವು ಫೋನ್ ಮಾಡಿದಾಗ ಊಟ ಮಾಡುತ್ತಿದ್ದೆ', 'ಚಿಕ್ಕಂದಿನಲ್ಲಿ ಅಜ್ಜಿಮನೆಯಲ್ಲಿ ಊಟ ಮಾಡುತ್ತಿದ್ದೆ' ಎರಡಕ್ಕೂ ಒಂದೇ 'ಮಾಡುತ್ತಿದ್ದೆ'. ಒಂದು ತುತ್ತೋ ಹತ್ತು ವರ್ಷವೋ, ಅದು ಕೇಳುವವರ ಬುದ್ಧಿಗೆ ಬಿಟ್ಟದ್ದು.

ಪಾಠ ಮಾಡುವಾಗ ನನಗೆ ಎಂದೂ ಉದಾಹರಣೆಗೆ ಬರ ಬರಲಿಲ್ಲ. ಬರ ಬಂದದ್ದು ಕೆರೆಗಳಿಗೆ. 'ಇಲ್ಲಿ ಒಂದು ಕೆರೆ ಇತ್ತು' ಎಂಬ ಒಂದೇ ವಾಕ್ಯ ಸಾಕಿತ್ತು, ಊರಿನ ನಕ್ಷೆಯೇ ಅಭ್ಯಾಸ ಪುಸ್ತಕ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಹಾಕಿ ಕ್ರೀಡಾಂಗಣದ ಜಾಗದಲ್ಲಿ ಅಕ್ಕಿತಿಮ್ಮನಹಳ್ಳಿ ಕೆರೆ. ಚಲ್ಲಘಟ್ಟ ಕೆರೆಯಲ್ಲಿ ಈಗ ಗಾಲ್ಫ್ ಚೆಂಡುಗಳು ಉರುಳುತ್ತವೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರನ್ನು ಕೋರಮಂಗಲದ ಕೆರೆಯ ಅಂಗಳದಲ್ಲೇ ಕಟ್ಟಡ ಎಬ್ಬಿಸಿ ಇಳಿಸಿದೆವು. ಕಂಠೀರವ ಕ್ರೀಡಾಂಗಣದಡಿ ಸಂಪಂಗಿ ಕೆರೆ ಮಲಗಿದೆ, ಆದರೆ ಅಲ್ಲೊಂದು ಅಪವಾದವುಂಟು. ಕರಗದ ಶಾಸ್ತ್ರಕ್ಕೆ ನೀರು ಬೇಕೇ ಬೇಕಾದ್ದರಿಂದ ಪಕ್ಕದಲ್ಲಿ ಪುಟ್ಟ ಕೊಳವೊಂದನ್ನು ಉಳಿಸಿದ್ದಾರೆ. ದ್ರೌಪದಮ್ಮನಿಗೆ ಹೆದರಿ ಉಳಿಸಿದಷ್ಟು ನೀರು! ಉಳಿದ ಕೆರೆಗಳಿಗೂ ಒಂದೊಂದು ಉಗ್ರದೇವತೆಯನ್ನು ಗಂಟುಹಾಕಿದ್ದರೆ ನನ್ನ ಉದಾಹರಣೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತಿದ್ದವು.

ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಹಿಂದಿನ ರೂಢಿಗೆ 'ವುಡ್' ಕೂಡ ಬರುತ್ತದೆ ಎಂದಿರಿ. ಕೆರೆಗೆ ಯಾಕೆ ಅದನ್ನು ಹಾಕಬಾರದು?" ಒಳ್ಳೆಯ ಪ್ರಶ್ನೆ. 'ವುಡ್' ಮತ್ತೆ ಮತ್ತೆ ನಡೆದ ಕೆಲಸಕ್ಕೆ ಒಗ್ಗುತ್ತದೆ, ಸುಮ್ಮನೆ ಇದ್ದ ಸ್ಥಿತಿಗೆ ಒಗ್ಗುವುದಿಲ್ಲ. ಹುಡುಗರು ದಿನಾ ಕೆರೆಯಲ್ಲಿ ಈಜುತ್ತಿದ್ದರು ಎನ್ನಲು 'ವುಡ್' ಆದೀತು. ಕೆರೆ ಇತ್ತು ಎನ್ನಲು ಆಗದು. ಈಜುವುದು ಕೆಲಸ, ಇರುವುದು ಕೆಲಸವಲ್ಲ. ಅಂದು ಇಷ್ಟು ಹೇಳಿ ಕೂರಿಸಿದೆ. ಬೆಂಗಳೂರಿನಲ್ಲಿ ಒಂದು ಕೆರೆ ಕೆರೆಯಾಗಿಯೇ ಇರುವುದು ಎಷ್ಟು ಕಷ್ಟದ ಕೆಲಸವೆಂದು ಆಮೇಲೆ ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ಕಂಡ ಮೇಲೆ ಗೊತ್ತಾಯಿತು. ನೀರಿಗೇ ಬೆಂಕಿ ಹತ್ತಿದ್ದು ಯಾವ ವ್ಯಾಕರಣದಲ್ಲೂ ಕೂರುವುದಿಲ್ಲ.

ಇದೇ 'ವುಡ್'ಗೆ ಇನ್ನೊಂದು ಉದ್ಯೋಗವಿದೆ. 'ಗುಂಡಿ ಮುಚ್ಚಿಸುವುದಾಗಿ ಮಂತ್ರಿಗಳು ಹೇಳಿದರು' ಎನ್ನುವಾಗಲೂ ಇಂಗ್ಲಿಷ್ ಪತ್ರಿಕೆಗಳು ಅದನ್ನೇ ಕರೆಯುತ್ತವೆ. ಮಾಡುತ್ತಿದ್ದರು ಎಂಬುದಕ್ಕೂ ಮಾಡುವೆವೆಂದಿದ್ದರು ಎಂಬುದಕ್ಕೂ ಒಂದೇ ಪದ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕೆಂದು ವ್ಯಾಕರಣಕಾರರು ಹೇಳುತ್ತಾರೆ. ಸಂದರ್ಭ ನೋಡಲು ರಸ್ತೆಗೆ ಇಳಿದರೆ ಸಾಕು.

ಚುನಾವಣೆಯ ಮಾತನ್ನೂ ಆಡಿಬಿಡುತ್ತೇನೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯದಾಗಿ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದು ಕುಳಿತರು. ವರ್ಷದ ಮೇಲೆ ವರ್ಷ ಉರುಳಿ, ಒಂದು ಪಾಲಿಕೆಗೆ ಚುನಾವಣೆ ನಡೆಸದೆಯೇ 2025ರಲ್ಲಿ ಅದನ್ನು ಒಡೆದು ಐದು ಮಾಡಿದರು. 'ನಮಗೊಬ್ಬ ಕಾರ್ಪೊರೇಟರ್ ಇದ್ದ' ಎಂಬ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿರಿ ಎಂದರೆ ನಮ್ಮ ಬೀದಿಯ ಮಕ್ಕಳು ಈಗ ಒಂದು ಅಂಕವನ್ನೂ ಕಳೆದುಕೊಳ್ಳುವುದಿಲ್ಲ.

ಮಕ್ಕಳು ನಿಜವಾಗಿ ಎಡವುವುದು ಬೇರೆ ಕಡೆ. 'ಯೂಸ್ಡ್ ಟು' ಹಿಂದೆ ಒಂದು 'ಆಮ್' ಬಂದು ಕೂತರೆ ಅರ್ಥವೇ ತಲೆಕೆಳಗು. ಮೊದಲನೆಯದು 'ಮಾಡುತ್ತಿದ್ದೆ, ಈಗಿಲ್ಲ'. ಎರಡನೆಯದು 'ಒಗ್ಗಿಹೋಗಿದೆ'. ತರಗತಿಯಲ್ಲಿ ಎಷ್ಟು ಬಾರಿ ಹೇಳಿದರೂ ಹತ್ತದ ಈ ವ್ಯತ್ಯಾಸವನ್ನು 2024ರ ಬೇಸಿಗೆ ಒಂದೇ ತಿಂಗಳಲ್ಲಿ ಮನದಟ್ಟು ಮಾಡಿಸಿತು. ನಲ್ಲಿಯಲ್ಲಿ ನೀರು ಬರುತ್ತಿತ್ತು: ಇದು ಮೊದಲ ಬಗೆ. ಟ್ಯಾಂಕರಿಗೆ ಒಗ್ಗಿಹೋಗಿದ್ದೇವೆ: ಇದು ಎರಡನೆಯದು. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಸೇತುವೆಗೆ ನಾವು 'ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ' ಎಂದು ಹೆಸರಿಟ್ಟಿದ್ದೇವೆ. ಈ ಊರಿನಲ್ಲಿ ಕುಸಿಯದೆ ಉಳಿದಿರುವ ಸೇತುವೆ ಅದೊಂದೇ ಎಂದು ಪಕ್ಕದ ಮನೆಯ ರಾಯರು ಹೇಳುತ್ತಾರೆ. ರಾಯರು ಸ್ವಲ್ಪ ಕಟುಮನುಷ್ಯರು.

ಸಭೆ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಸಾಹೇಬರ ಪಕ್ಕ ಹೋಗಿ ನಿಂತೆ. "ಸಾರ್, ತಪ್ಪು ತಿಳಿಯಬೇಡಿ. ನೀವು ಹೇಳಿದ್ದರ ಅರ್ಥ, ಚರಂಡಿ ಸ್ವಚ್ಛ ಮಾಡುವುದನ್ನು ನಿಲ್ಲಿಸಿದ್ದೀರಿ ಎಂದಾಗುತ್ತದೆ" ಎಂದೆ.

ಅವರು ನಕ್ಕರು. "ಮೇಷ್ಟ್ರೇ, ನಮ್ಮದು ಕನ್ನಡ ಮಾಧ್ಯಮ. ಬರಹದಲ್ಲಿ ಉತ್ತರ ಕೊಡುವಾಗ ಸರಿಪಡಿಸುತ್ತೇನೆ ಬಿಡಿ" ಎಂದರು.

ಮಾತಿಗೆ ತಪ್ಪಲಿಲ್ಲ. ಹದಿನೈದು ದಿನಕ್ಕೆ ಸಂಘಕ್ಕೆ ಪತ್ರ ಬಂತು. 'ಸದರಿ ಚರಂಡಿಯನ್ನು ಪ್ರತಿ ಮಾಹೆ ನಿಯಮಿತವಾಗಿ ಸ್ವಚ್ಛಗೊಳಿಸಲಾಗುತ್ತಿದೆ.' ಯಾರು ಸ್ವಚ್ಛಗೊಳಿಸುತ್ತಾರೆಂದು ವಾಕ್ಯದಲ್ಲಿ ಎಲ್ಲೂ ಇಲ್ಲ. ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಕೈಬಿಡಲು ಅವಕಾಶವಿದೆ, ತಪ್ಪೆನ್ನುವಂತಿಲ್ಲ. ಕಾಲ ಸರಿ, ವಿಭಕ್ತಿ ಸರಿ, ಒತ್ತಕ್ಷರವೂ ಸರಿ. ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ.

ಚರಂಡಿ ಮಾತ್ರ ಇನ್ನೂ ಇಂಗ್ಲಿಷಿನಲ್ಲೇ ಇದೆ.